ಚೋರ್ಲಾ ಘಾಟಿಗೆ ಬೇಕಾದದ್ದು ಅಗಲವಲ್ಲ, ಚರಂಡಿ

ಮಳೆಗಾಲ ಹತ್ತಿರವಾದಂತೆ ಗೋವೆಯ ಕನ್ನಡಿಗರಲ್ಲಿ, ಅವರು ವಾಸ್ಕೋದವರಿರಲಿ ಡಿಚೋಲಿಯವರಿರಲಿ, ಊರಿಗೆ ಹೋಗಲು ಘಟ್ಟ ಹತ್ತುವ ಎರಡು ದಾರಿಗಳಲ್ಲಿ ಚೋರ್ಲಾ ಹಿಡಿಯುವುದೋ ಅನಮೋಡ ಹಿಡಿಯುವುದೋ ಎಂಬ ಚರ್ಚೆ ಶುರುವಾಗುತ್ತದೆ. ಅದರ ಬೆನ್ನಿಗೇ ಚೋರ್ಲಾ ರಸ್ತೆಯನ್ನು ಚತುಷ್ಪಥ ಮಾಡಿಬಿಟ್ಟರೆ ಎಲ್ಲ ತೊಂದರೆಯೂ ತೀರುತ್ತದೆ ಎಂಬ ವಾದವೂ ಬರುತ್ತದೆ. ಸವದತ್ತಿ ಕಡೆಯವನಾಗಿ ಈ ರಸ್ತೆಯನ್ನೇ ನಂಬಿಕೊಂಡಿರುವ ನಾನು ಆ ವಾದವನ್ನು ಒಪ್ಪಲಾರೆ.

ಬೆಳಗಾವಿಯಿಂದ ಖಾನಾಪುರದ ದಿಕ್ಕಿಗೆ ಹೊರಟು ಪೀರನವಾಡಿಯಲ್ಲಿ ಬಲಕ್ಕೆ ಕವಲೊಡೆಯುವ ಈ ದಾರಿ ಕಿಣಯೆ, ಕುಸಮಳಿ, ಜಾಂಬೋಟಿ, ಕಣಕುಂಬಿಗಳನ್ನು ದಾಟಿ, ಚೋರ್ಲಾದಿಂದ ತಿರುವುಗಳಲ್ಲಿ ಇಳಿದು, ಸತ್ತರಿ ತಾಲ್ಲೂಕಿನ ಕೇರಿಯಲ್ಲಿ ಅಂಜುಣೆ ಅಣೆಕಟ್ಟಿನ ಬಳಿ ತಗ್ಗು ನೆಲಕ್ಕೆ ಬರುತ್ತದೆ. ಅಲ್ಲಿಂದ ಸಾಖಳಿ, ಡಿಚೋಲಿ, ಪಣಜಿ. ಕರ್ನಾಟಕದ ಭಾಗಕ್ಕೆ ಈಗ ರಾಷ್ಟ್ರೀಯ ಹೆದ್ದಾರಿ 748ಎಎ ಎಂಬ ಸಂಖ್ಯೆ ಸಿಕ್ಕಿದೆ. ಆದರೂ ಸ್ವಭಾವದಲ್ಲಿ ಇದು ಹಳ್ಳಿಗಳನ್ನು ಪೋಣಿಸುವ ರಾಜ್ಯ ಹೆದ್ದಾರಿಯೇ.

ಈ ಹಾದಿಯಲ್ಲಿ ನಿಂತು ನೋಡಬೇಕಾದ ಊರೆಂದರೆ ಕಣಕುಂಬಿ. ಮಾವುಲಿ ದೇವಸ್ಥಾನದ ಈ ಊರಿನಲ್ಲಿ ಹುಟ್ಟುವ ಮಲಪ್ರಭೆ ಪೂರ್ವಕ್ಕೆ ಹರಿದು, ನವಿಲುತೀರ್ಥದ ಅಣೆಕಟ್ಟಿನಲ್ಲಿ ನಿಂತು, ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಅದೇ ಊರಿನ ಕಳಸಾ ಹಳ್ಳದ ನೀರು ಪಶ್ಚಿಮಕ್ಕೆ ಇಳಿದು ಮಹಾದಾಯಿಯ ಮೂಲಕ ಅರಬ್ಬಿ ಸಮುದ್ರ ಸೇರುತ್ತದೆ. ಈ ಹಳ್ಳವನ್ನು ಮಲಪ್ರಭೆಗೆ ತಿರುಗಿಸುವ ಕರ್ನಾಟಕ-ಗೋವೆ ವಿವಾದದಲ್ಲಿ 2010ರಲ್ಲಿ ನ್ಯಾಯಮಂಡಳಿ ರಚನೆಯಾಯಿತು. 2018ರಲ್ಲಿ ಅದು ಮಹಾದಾಯಿ ಕಣಿವೆಯ ನೀರಿನಲ್ಲಿ ಕರ್ನಾಟಕಕ್ಕೆ 13.42 ಟಿಎಂಸಿ ಹಂಚಿತು. ಆ ನೀರಿಗಾಗಿ ಎರಡೂ ಸರ್ಕಾರಗಳು ತೋರಿದ ಹುರುಪಿನಲ್ಲಿ ನೂರರಲ್ಲೊಂದು ಪಾಲು ಗಡಿಯ ಆಚೀಚಿನ ಡಾಂಬರಿಗೆ ಸಿಕ್ಕಿದ್ದರೂ ನಮ್ಮ ಸೊಂಟ ಉಳಿಯುತ್ತಿತ್ತು!

ಈ ಅಲಕ್ಷ್ಯಕ್ಕೆ ಹಳೆಯ ಬೇರುಗಳಿವೆ. ಹೇರೆತ್ತುಗಳ ಕಾಲದಲ್ಲಿ ಉಪ್ಪು ಘಟ್ಟ ಹತ್ತುತ್ತಿತ್ತು, ಧಾನ್ಯ ಇಳಿಯುತ್ತಿತ್ತು. 1878ರಲ್ಲಿ ಬ್ರಿಟಿಷರೂ ಪೋರ್ಚುಗೀಸರೂ ಒಪ್ಪಂದ ಮಾಡಿಕೊಂಡ ಮೇಲೆ ಕ್ಯಾಸಲ್‌ರಾಕ್ ಮಾರ್ಗವಾಗಿ ಮೊರ್ಮುಗಾಂವ್ ಬಂದರಿಗೆ ರೈಲು ಬಂದಿತು, ವ್ಯಾಪಾರ ಅದರ ಹಿಂದೆ ಹೋಯಿತು. ಆಮೇಲೆ 1955ರಲ್ಲಿ ಭಾರತ ಗೋವೆಯ ಗಡಿ ಮುಚ್ಚಿತು; 1961ರ ಡಿಸೆಂಬರ್ 19ರ ವಿಮೋಚನೆಯವರೆಗೆ ಘಟ್ಟದ ಮೇಲಿನವರಿಗೂ ಕೆಳಗಿನವರಿಗೂ ಸರಾಗ ಸಂಚಾರವಿರಲಿಲ್ಲ. ಎರಡು ಆಡಳಿತಗಳ ಅಂಚಿನಲ್ಲಿ ಬಿದ್ದ ದಾರಿಯನ್ನು ಯಾರೂ ತಮ್ಮದೆಂದು ಪೂರ್ತಿಯಾಗಿ ನೋಡಿಕೊಳ್ಳಲಿಲ್ಲ. ಇಂದಿಗೂ ಒಂದು ರಾಜ್ಯದವರು ತೇಪೆ ಹಾಕಿ ಮುಗಿಸುವ ಹೊತ್ತಿಗೆ ಇನ್ನೊಂದು ರಾಜ್ಯದ ಭಾಗ ಕಿತ್ತುಹೋಗಿರುತ್ತದೆ.

ರಸ್ತೆ ಕಿತ್ತುಹೋಗುವುದು ಅದು ಕಿರಿದಾಗಿರುವುದರಿಂದಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಸುರಿಯುವ ಮಳೆಯ ನೀರು ಗುಡ್ಡದ ಬದಿಯ ಚರಂಡಿಯಲ್ಲಿ ಹರಿದು ಮೋರಿಗಳ ಮೂಲಕ ಕಣಿವೆಗೆ ಇಳಿಯಬೇಕು. ಚರಂಡಿಯಲ್ಲಿ ಮಣ್ಣೂ ತರಗೆಲೆಯೂ ತುಂಬಿಕೊಂಡಾಗ ನೀರು ರಸ್ತೆಯ ಮೇಲೆ ಅಡ್ಡಲಾಗಿ ಹರಿದು, ಬಿರುಕುಗಳಲ್ಲಿ ಇಳಿದು, ಡಾಂಬರಿನ ಕೆಳಗಿನ ಜಲ್ಲಿಯನ್ನು ಸಡಿಲಿಸುತ್ತದೆ. ಅದರ ಮೇಲೆ ಭಾರದ ಲಾರಿಯ ಚಕ್ರ ಉರುಳಿದರೆ ಗುಂಡಿ ಬೀಳುತ್ತದೆ. ಅಗಲ ಮಾಡಲು ಗುಡ್ಡವನ್ನು ಇನ್ನಷ್ಟು ಕಡಿದಾಗಿ ಕೊರೆದರೆ, ಮರಗಳ ಬೇರು ಹಿಡಿದಿದ್ದ ಮಣ್ಣೂ ರಸ್ತೆಗೆ ಜಾರುತ್ತದೆ. ಸಾಲದ್ದಕ್ಕೆ ಇದು ಗೋವೆ 1999ರಲ್ಲಿ ಘೋಷಿಸಿದ ಮಹಾದಾಯಿ ಅಭಯಾರಣ್ಯ, ಕರ್ನಾಟಕ 2011ರಲ್ಲಿ ಘೋಷಿಸಿದ ಭೀಮಗಡ ಅಭಯಾರಣ್ಯಗಳ ನೆರೆಯ ಕಾಡು.

ಬೆಳಗಾವಿಯ ತರಕಾರಿ ಗೋವೆಯ ಅಡುಗೆಮನೆ ತಲುಪಬೇಕು, ಬನದ ಹುಣ್ಣಿಮೆಗೆ ಯಲ್ಲಮ್ಮನ ಗುಡ್ಡಕ್ಕೆ ಹೊರಟವರ ಬಸ್ಸು ಹೊತ್ತಿಗೆ ಸರಿಯಾಗಿ ಹೋಗಬೇಕು; ಅದಕ್ಕೆ ಎರಡು ಗಾಡಿ ಎದುರುಬದುರಾಗುವಷ್ಟು ಗಟ್ಟಿ ರಸ್ತೆ ಧಾರಾಳವಾಯಿತು. ಬಹುಚಕ್ರದ ಭಾರಿ ಲಾರಿಗಳು ಅನಮೋಡದಲ್ಲಿ ಹೋಗಲಿ, ಬಂದರಿನ ಸರಕಿಗೆ ರೈಲಿದೆ. ಎರಡೂ ರಾಜ್ಯಗಳ ಲೋಕೋಪಯೋಗಿ ಇಲಾಖೆಗಳು ಮೇ ತಿಂಗಳಲ್ಲಿ ಜಾಂಬೋಟಿಯಿಂದ ಕೇರಿಯವರೆಗೆ ಒಟ್ಟಿಗೆ ಸಮೀಕ್ಷೆ ಮಾಡಿ, ಚರಂಡಿ ಮತ್ತು ಮೋರಿಗಳನ್ನು ಮೊದಲ ಮಳೆಗೆ ಮುಂಚೆಯೇ ತೆರವುಗೊಳಿಸಲಿ. ಗೋವೆಯ ಕನ್ನಡ ಸಂಘಗಳು ಈ ಸಲ ಮನವಿ ಬರೆಯುವುದಾದರೆ ಚತುಷ್ಪಥದ ಬದಲು ಇದನ್ನೇ ಕೇಳಲಿ, ಒಂದು ಪ್ರತಿ ಪಣಜಿಗೆ, ಇನ್ನೊಂದು ಬೆಳಗಾವಿಗೆ.