ಮರ ಒಂದೇ, ಮಾಧ್ಯಮ ಐದು

ನನ್ನ ಚಿತ್ರಗಳ ಹಿಂದೆ ಪೆನ್ಸಿಲ್ಲಿನಲ್ಲಿ ‘ಮಿಶ್ರ ಮಾಧ್ಯಮ’ ಎಂದು ಬರೆದಿರುತ್ತೇನೆ. ಮನೆಗೆ ಬಂದವರು ಅದನ್ನು ಓದಿ ‘ಓಹೋ’ ಎಂದು ತಲೆದೂಗುತ್ತಾರೆ. ನಾನೂ ಬಿಡಿಸಿ ಹೇಳಲು ಹೋಗುವುದಿಲ್ಲ. ಅಸಲಿಗೆ ಅವೆಲ್ಲ ಜಲವರ್ಣವಾಗಿಯೇ ಶುರುವಾದವು. ಅರ್ಧ ದಾರಿಯಲ್ಲಿ ಕೆಟ್ಟವು. ಕೆಟ್ಟದ್ದನ್ನು ಮುಚ್ಚಲು ಇಂಕು, ಇಂಕನ್ನು ಮುಚ್ಚಲು ಗ್ವಾಶ್ ಎಂಬ ಗಟ್ಟಿ ಬಣ್ಣ, ಅದನ್ನೂ ಮುಚ್ಚಲು ಪೇಸ್ಟಲ್ ಎಂಬ ಪುಡಿಬಣ್ಣದ ಕಡ್ಡಿ. ಇಷ್ಟೆಲ್ಲ ಆದ ಮೇಲೆ ಒಂದು ಮರ್ಯಾದಸ್ಥ ಹೆಸರು ಬೇಕಲ್ವಾ?

ನನ್ನ ಕೈಯಲ್ಲಿ ಅತಿ ಹೆಚ್ಚು ಸಲ ಕೆಟ್ಟದ್ದು ಮನೆ ಎದುರಿನ ಹೊಂಗೆ ಮರ. ನಿಸರ್ಗಚಿತ್ರ ಬರೆಯಲು ಬೆಟ್ಟ, ಹೊಳೆ ಹುಡುಕಿಕೊಂಡು ಹೋಗಬೇಕಿಲ್ಲ, ಬಾಗಿಲು ತೆರೆದರೆ ಕಾಣುವುದನ್ನೇ ಬರೆಯಿರಿ ಎಂದು ಕಲಿಸುವವರೆಲ್ಲ ಹೇಳುತ್ತಾರೆ. ಸೋಮಾರಿಗೆ ಇದಕ್ಕಿಂತ ಹಿತವಾದ ಮಾತು ಇನ್ನೊಂದಿಲ್ಲ. ಮರವೂ ಚೆನ್ನಾಗಿತ್ತು. ಹರವಾದ ತಲೆ, ಸೊಂಟದಲ್ಲಿ ಸ್ವಲ್ಪ ಬಾಗಿದ ಕಾಂಡ, ಬಲಗಡೆ ರಸ್ತೆಯ ಮೇಲೆ ಚಾಚಿ ಕರೆಂಟ್ ತಂತಿಯನ್ನು ಬಗಲಲ್ಲಿ ಇಟ್ಟುಕೊಂಡ ಒಂದು ದೊಡ್ಡ ಕೊಂಬೆ. ಆ ಕೊಂಬೆಗಾಗಿಯೇ ನಾನು ಈ ಮರಕ್ಕೆ ಮನಸೋತಿದ್ದು.

ಮೊದಲ ದಿನ ಮಡಚುವ ಸ್ಟೂಲು, ಹಲಗೆ, ಎರಡು ಡಬ್ಬಿ ನೀರು, ಬಣ್ಣದ ಪೆಟ್ಟಿಗೆ ಹಿಡಿದು ಗೇಟಿನ ಹೊರಗೆ ಕೂತೆ. ಹತ್ತು ನಿಮಿಷಕ್ಕೆ ಬೆನ್ನ ಹಿಂದೆ ಯಾರೋ ನಿಂತ ಹಾಗಾಯಿತು. ತಿರುಗಿ ನೋಡಿದರೆ ವಾಕಿಂಗ್ ಬಂದ ಹಿರಿಯರೊಬ್ಬರು, ಊರುಗೋಲು ಊರಿ ನಿಂತಿದ್ದಾರೆ.

‘ಯಾವ ಮರ ಬರೀತಿದ್ದೀರಿ?’

‘ಇದೇ ಸಾರ್, ಹೊಂಗೆ.’

ಅವರು ಮರ ನೋಡಿದರು. ಹಾಳೆ ನೋಡಿದರು. ಮತ್ತೆ ಮರ ನೋಡಿದರು, ಈ ಸಲ ಅದರ ಮೇಲೆ ಕನಿಕರ ಹುಟ್ಟಿದವರ ಹಾಗೆ.

‘ಹೋಲಿಕೆ ಬಂದಿಲ್ಲ.’

ಅಷ್ಟು ಹೇಳಿ ಹೊರಟುಹೋದರು. ಮರುದಿನದಿಂದ ನಮ್ಮಿಬ್ಬರ ನಡುವೆ ನಮಸ್ಕಾರದ ಜಾಗಕ್ಕೆ ‘ಹೋಲಿಕೆ ಬಂತಾ?’ ಬಂದು ಕೂತಿತು.

ಬರಲಿಲ್ಲ. ಮೊದಲನೇ ತಪ್ಪು ಹಾಳೆಯದ್ದು. ಜಲವರ್ಣಕ್ಕೆ 300 ಜಿಎಸ್‌ಎಂ ಹಾಳೆ ಇದ್ದರೆ ಒಳ್ಳೆಯದು, ಅಂದರೆ ಒಂದು ಚದರ ಮೀಟರಿಗೆ 300 ಗ್ರಾಂ ತೂಗುವಂಥದ್ದು. ನನ್ನದು ಅದರ ಅರ್ಧವೂ ಇರಲಿಲ್ಲ. ನೀರು ಬಿದ್ದದ್ದೇ ತಡ, ಹಾಳೆ ಹಪ್ಪಳದ ಹಾಗೆ ಎದ್ದಿತು. ಉಬ್ಬಿದಲ್ಲಿ ಬಣ್ಣವಿಲ್ಲ, ತಗ್ಗಿನಲ್ಲೆಲ್ಲ ಕೆರೆ. ತೆಳು ಹಾಳೆಯನ್ನು ಮೊದಲೇ ನೆನೆಸಿ, ನಾಲ್ಕೂ ಅಂಚನ್ನು ಗೋಂದಿನ ಕಾಗದದ ಟೇಪಿನಿಂದ ಹಲಗೆಗೆ ಬಿಗಿದು ಒಣಗಿಸಬೇಕು, ಆಗ ತಮಟೆಯ ಹಾಗೆ ಬಿಗಿಯಾಗುತ್ತದೆ ಎಂದು ಓದಿದ್ದೆ. ಗೋಂದಿನ ಟೇಪು ಇರಲಿಲ್ಲ. ಪಾರ್ಸೆಲ್ ಸುತ್ತುವ ಪ್ಲಾಸ್ಟಿಕ್ ಟೇಪು ಇತ್ತು. ಅದು ಒದ್ದೆ ಹಾಳೆಗೆ ಅಂಟಲೇ ಇಲ್ಲ. ಹಲಗೆಯನ್ನು ಮಾತ್ರ ಇವತ್ತಿಗೂ ಬಿಟ್ಟಿಲ್ಲ.

ಒಳ್ಳೆ ಹಾಳೆ ತಂದ ಮೇಲೆ ಆಕಾಶದ ಸರದಿ. ಜಲವರ್ಣದಲ್ಲಿ ಬಿಳಿ ಅಂದರೆ ಹಾಳೆಯ ಬಿಳಿಯೇ. ಮೋಡ ಬೇಕಿದ್ದರೆ ಆ ಜಾಗವನ್ನು ಮುಟ್ಟದೆ ಬಿಡಬೇಕು. ಏನೂ ಮಾಡದೆ ಇರುವುದು ನನಗೆ ಒಗ್ಗುವ ಕೆಲಸವೇ. ನೀಲಿ ಎಳೆದೆ, ಮೋಡ ಬಿಟ್ಟೆ, ಅಪರೂಪಕ್ಕೆ ಚೆನ್ನಾಗಿ ಬಂತು. ಅಲ್ಲಿಗೆ ಬ್ರಷ್ ಕೆಳಗಿಟ್ಟಿದ್ದರೆ ಆಗುತ್ತಿತ್ತು. ಮೂಲೆಯಲ್ಲಿ ನೀಲಿ ಸ್ವಲ್ಪ ಜಾಸ್ತಿ ಆಯಿತೇನೋ ಅನಿಸಿ, ನೀರು ತುಂಬಿದ ಬ್ರಷ್ಷಿನಿಂದ ಸುಮ್ನೆ ಒಂದು ಸಲ ಮುಟ್ಟಿದೆ.

ಅರ್ಧ ಒಣಗಿದ ಬಣ್ಣದ ಮೇಲೆ ನೀರು ಬಿದ್ದರೆ ಅದು ಬಣ್ಣದ ಕಣಗಳನ್ನು ತಳ್ಳಿಕೊಂಡು ಹೋಗಿ ಅಂಚಿನಲ್ಲಿ ಗುಡ್ಡೆ ಹಾಕುತ್ತದೆ. ಒಣಗಿದಾಗ ಸುರುಳಿ ಸುರುಳಿ ಅಂಚಿನ ಬಿಳಿಚು ಹೂವೊಂದು ಉಳಿಯುತ್ತದೆ. ಇಂಗ್ಲಿಷ್ ಚಿತ್ರಕಾರರು ಇದನ್ನು ಹೂಕೋಸು ಎಂದೇ ಕರೆಯುತ್ತಾರೆ. ಒಂದು ಹೂಕೋಸನ್ನು ಅಳಿಸಲು ಮತ್ತೆ ಒದ್ದೆ ಮಾಡಿದೆ, ಮೂರಾದವು. ಮಗಳು ಬಂದು ನೋಡಿ, ‘ಅಪ್ಪ, ಆಕಾಶದಲ್ಲಿ ತರಕಾರಿ ತೋಟ ಮಾಡ್ತಿದ್ದೀಯಾ?’ ಅಂದಳು.

ಹಸಿರಿನ ಕಥೆ ಬೇರೆಯೇ ಇದೆ. ಟ್ಯೂಬಿನಿಂದ ನೇರವಾಗಿ ಹಿಂಡಿದ ಹಸಿರು ಹಚ್ಚಿದರೆ ಮರ ಪ್ಲಾಸ್ಟಿಕ್ ಕುರ್ಚಿಯ ಹಾಗೆ ಹೊಳೆಯುತ್ತದೆ. ಅದನ್ನು ತಗ್ಗಿಸಲು ಚೂರು ಕೆಂಪೋ, ಬರ್ನ್ಟ್ ಸಿಯೆನ್ನಾ ಎಂಬ ಕೆಂಗಂದು ಬಣ್ಣವೋ ಸೇರಿಸಬೇಕು. ಚೂರು ಎಂದರೆ ಎಷ್ಟು ಎನ್ನುವುದು ಅಡುಗೆಯಲ್ಲಿ ‘ರುಚಿಗೆ ತಕ್ಕಷ್ಟು’ ಅನ್ನುವ ಹಾಗೆ, ಗೊತ್ತಿದ್ದವರಿಗೆ ಮಾತ್ರ ಗೊತ್ತು. ನಾನು ಕೆಂಪು ಹಾಕಿದೆ, ಜಾಸ್ತಿ ಆಯಿತು, ಹಸಿರು ಹಾಕಿದೆ, ಅದೂ ಜಾಸ್ತಿ ಆಯಿತು, ಆಮೇಲೆ ನೀಲಿ. 18ನೇ ಶತಮಾನದ ಶುರುವಿನಲ್ಲಿ ಬರ್ಲಿನ್‌ನ ಡೀಸ್‌ಬಾಖ್ ಎಂಬ ಬಣ್ಣ ತಯಾರಕ ಕೆಂಪು ಮಾಡಲು ಹೊರಟು ಆಕಸ್ಮಿಕವಾಗಿ ಪ್ರಷ್ಯನ್ ಬ್ಲೂ ಕಂಡುಹಿಡಿದನಂತೆ. ನನಗೂ ಹಾಗೆಯೇ ಆಕಸ್ಮಿಕವಾಗಿ ಒಂದು ಬಣ್ಣ ಸಿಕ್ಕಿತು. ಅದನ್ನು ಎಲ್ಲರೂ ಮಳೆಗಾಲದಲ್ಲಿ ರಸ್ತೆ ಮೇಲೆ ನೋಡಿರುತ್ತಾರೆ.

ಇನ್ನು ನೆರಳು. ಸೂರ್ಯ ಗಂಟೆಗೆ 15 ಡಿಗ್ರಿ ಸರಿಯುತ್ತಾನೆ. ನಾನು ಏಳು ಗಂಟೆಗೆ ನೆಲದ ಮೇಲಿನ ನೆರಳು ಬರೆದು, ಒಂಬತ್ತೂವರೆಗೆ ಕಾಂಡದ ನೆರಳು ಬರೆದಿದ್ದೆ. ಚಿತ್ರದಲ್ಲಿ ಒಂದೇ ಮರಕ್ಕೆ ಎರಡು ಸೂರ್ಯರ ಬಿಸಿಲು. ಹೊತ್ತು ಗುರುತು ಹಾಕಿಕೊಳ್ಳುವುದು ಒಳ್ಳೆಯದು ಅನಿಸಿತು. ಇಂಗ್ಲಿಷ್ ಚಿತ್ರಕಾರ ಜಾನ್ ಕಾನ್‌ಸ್ಟೇಬಲ್ 1821–22ರಲ್ಲಿ ಸಾಲು ಸಾಲಾಗಿ ಮೋಡಗಳನ್ನು ಬರೆದು, ಎಷ್ಟೋ ಹಾಳೆಗಳ ಹಿಂದೆ ದಿನಾಂಕ, ಹೊತ್ತು, ಗಾಳಿಯ ದಿಕ್ಕು ಎಲ್ಲ ಗುರುತು ಮಾಡಿಟ್ಟಿದ್ದಾನೆ. ನಾನೂ ಮಾಡಿದೆ. ನನ್ನ ಒಂದು ಹಾಳೆಯ ಹಿಂದೆ ಹೀಗಿದೆ: ‘7.20, ಪಶ್ಚಿಮದ ಗಾಳಿ. 7.35, ಗಾಳಿಗೆ ಹಾಳೆ ಹಾರಿತು. 7.40, ಸಿಕ್ಕಿತು, ಚರಂಡಿ ಪಕ್ಕ. 8.05, ಇರುವೆ. 8.10, ಕೆಂಪಿರುವೆ. ನಿಲ್ಲಿಸಿದೆ.’

ಬಣ್ಣ ಕೈ ಕೊಟ್ಟರೇನು, ಗೆರೆ ಉಂಟಲ್ಲ ಎಂದು ಇಂಕಿಗೆ ಬಂದೆ. ಮೊದಲು ಪೆನ್ನಿನಲ್ಲಿ ಬರೆದು, ಒಣಗಿದ ಮೇಲೆ ತೆಳುವಾಗಿ ಬಣ್ಣ ಹಾಯಿಸುವ ಪದ್ಧತಿ. ಒಂದು ಭಾನುವಾರ ಎರಡೂವರೆ ಗಂಟೆ ಕೂತೆ. ತೊಗಟೆಯ ಒಂದೊಂದು ಬಿರುಕು ಬರೆದೆ. ಎಲೆಗಳನ್ನು ಗೊಂಚಲು ಗೊಂಚಲಾಗಿ ಬರೆದೆ. ಲಿಯೊನಾರ್ಡೊ ಡ ವಿಂಚಿ ತನ್ನ ಟಿಪ್ಪಣಿಗಳಲ್ಲಿ ಒಂದು ಲೆಕ್ಕ ಹೇಳಿದ್ದಾನೆ: ಮರದ ಯಾವ ಎತ್ತರದಲ್ಲೇ ಆಗಲಿ, ಕೊಂಬೆಗಳನ್ನೆಲ್ಲ ಒಟ್ಟುಗೂಡಿಸಿದರೆ ಕಾಂಡದಷ್ಟೇ ದಪ್ಪ ಆಗುತ್ತದೆ. ಹಿಂದಿನ ಚಿತ್ರದಲ್ಲಿ ಲೆಕ್ಕ ಹಾಕಿದಾಗ ನನ್ನ ಕೊಂಬೆಗಳೆಲ್ಲ ಸೇರಿ ಎರಡು ಕಾಂಡ ಆಗಿದ್ದವು. ಈ ಸಲ ಸ್ಕೇಲ್ ಇಟ್ಟುಕೊಂಡೇ ಬರೆದೆ. ಕರೆಂಟ್ ತಂತಿಯನ್ನು ಉಸಿರು ಹಿಡಿದು ಒಂದೇ ಏಟಿಗೆ ಎಳೆದೆ.

ಹಿರಿಯರು ಬಂದರು. ಬಗ್ಗಿ ನೋಡಿದರು. ‘ಹೂಂ, ಸ್ವಲ್ಪ ಬರ್ತಾ ಇದೆ.’

ನನ್ನ ಇಡೀ ಚಿತ್ರಕಲಾ ಜೀವನದಲ್ಲಿ ಸಿಕ್ಕ ಅತಿ ದೊಡ್ಡ ಬಿರುದು ಅದು. ಅವರು ನೋಡುತ್ತಿರುವಾಗಲೇ ಬಣ್ಣ ಹಾಕಿ ತೋರಿಸುವ ಹುಮ್ಮಸ್ಸು ಬಂತು. ದೊಡ್ಡ ಬ್ರಷ್ಷಿಗೆ ಹಸಿರು ತುಂಬಿಕೊಂಡು ಎಲೆಗಳ ಮೇಲೆ ಆಡಿಸಿದೆ.

ಮೊದಲು ಎಲೆಗಳ ಅಂಚಿಗೆ ಮೀಸೆ ಬಂತು. ಕಣ್ಣು ಮಂಜಾಯಿತೇನೋ ಎಂದು ಕನ್ನಡಕ ಒರೆಸಿಕೊಂಡೆ. ಹಾಕಿಕೊಳ್ಳುವಷ್ಟರಲ್ಲಿ ಗೊಂಚಲುಗಳೆಲ್ಲ ಸೇರಿ ಒಂದು ಕಪ್ಪು ಮೋಡ ಆಗಿದ್ದವು. ಆ ಮೋಡದಿಂದ ಒಂದು ಹನಿ ನಿಧಾನವಾಗಿ ಕಾಂಡದ ಮೇಲೆ ಇಳಿಯಿತು. ಸೊಂಟದ ಹತ್ತಿರ, ಸರಿಯಾಗಿ ನಾನು ಕಷ್ಟಪಟ್ಟು ಬರೆದ ಬಾಗಿನಲ್ಲಿ, ಒಂದು ಕ್ಷಣ ನಿಂತಿತು. ಅದನ್ನು ತಡೆಯಲು ಹಲಗೆಯನ್ನು ಆ ಕಡೆ ವಾಲಿಸಿದೆ. ಹನಿ ಒಪ್ಪಿತು. ತಿರುಗಿ, ಬಲಗಡೆಯ ದೊಡ್ಡ ಕೊಂಬೆಯ ಮೇಲೆ ಹರಿದು, ತಂತಿಯನ್ನು ಹಿಡಿದು, ಹಾಳೆಯ ಅಂಚಿನವರೆಗೂ ಹೋಗಿ ನನ್ನ ಪ್ಯಾಂಟಿನ ಮೇಲೆ ಬಿತ್ತು.

ಹಿರಿಯರು ಏನೂ ಹೇಳಲಿಲ್ಲ. ತಲೆ ಎತ್ತಿ ಒಮ್ಮೆ ಆಕಾಶ ನೋಡಿದರು, ಮಳೆ ಬಂತಾ ಎನ್ನುವ ಹಾಗೆ.

ಮನೆಯಲ್ಲಿ ಎರಡು ಕರಿ ಪೆನ್ನು ಇದ್ದವು. ಒಂದು ನಾನು ತಂದ ವಾಟರ್‌ಪ್ರೂಫ್ ಪೆನ್ನು. ಇನ್ನೊಂದು ಮಗಳದ್ದು, ಹಾಗಲ್ಲದ್ದು. ತುದಿಯಲ್ಲಿ ಒಂದು ಗೆರೆ ಎಳೆದು, ಒಣಗಿದ ಮೇಲೆ ಒದ್ದೆ ಬೆರಳಿನಿಂದ ಉಜ್ಜಿ ನೋಡಿದ್ದರೆ ಒಂದು ನಿಮಿಷದಲ್ಲಿ ಗೊತ್ತಾಗುತ್ತಿತ್ತು. ಆ ಒಂದು ನಿಮಿಷವನ್ನು ನಾನು ಉಳಿತಾಯ ಮಾಡಿದ್ದೆ.

ಅಲ್ಲಿಂದ ಶುರುವಾಯಿತು ನೋಡಿ ಮಿಶ್ರ ಮಾಧ್ಯಮ. ಗ್ವಾಶ್ ಕೂಡ ನೀರಿನ ಬಣ್ಣವೇ, ಆದರೆ ಪಾರದರ್ಶಕ ಅಲ್ಲ, ಗಟ್ಟಿಯಾಗಿ ಮುಚ್ಚುತ್ತದೆ. ಬಿಳಿ ಗ್ವಾಶ್ ಬೆರೆಸಿದ ತಿಳಿ ಹಸಿರನ್ನು ಕರಿ ಮೋಡದ ಮೇಲೆ ಬಳಿದೆ. ಆದರೆ ಕೆಳಗಿರುವ ಇಂಕು ನೀರಿಗೆ ಕರಗುವಂಥದ್ದು, ಗ್ವಾಶ್‌ನಲ್ಲೂ ನೀರಿದೆ. ಇಂಕು ಮತ್ತೆ ಎದ್ದು ಬಂದು ಬೆರೆಯಿತು. ಮರದ ತಲೆ ಬೂದು ಬಣ್ಣಕ್ಕೆ ತಿರುಗಿತು. ಒಂದೇ ವಾರದಲ್ಲಿ ಅದಕ್ಕೆ ಎಪ್ಪತ್ತು ವರ್ಷ ಆದ ಹಾಗಿತ್ತು.

ಹಾಗಾದರೆ ನೀರೇ ಬೇಡ ಎಂದು ಪೇಸ್ಟಲ್ ಹಿಡಿದೆ. ಪೇಸ್ಟಲ್ ಒಳ್ಳೆಯದು, ಒಣಗುವವರೆಗೆ ಕಾಯಬೇಕಿಲ್ಲ, ಹರಿಯುವುದಿಲ್ಲ. ಉದುರುತ್ತದೆ. ಹಾಳೆಯ ಮೇಲಿನ ಪುಡಿಯನ್ನು ಬಾಯಿಂದ ಊದಬಾರದು, ಹಲಗೆಯನ್ನು ನೆಟ್ಟಗೆ ಹಿಡಿದು ಹಿಂದಿನಿಂದ ತಟ್ಟಬೇಕು. ನಾನು ಊದಿದೆ. ಸಂಜೆ ಒಳಗಿನಿಂದ ಕರೆ ಬಂತು.

‘ರೀ, ಇಲ್ಲಿ ಬನ್ನಿ. ಸೋಫಾ ಮೇಲೆ ಹಸಿರು ಅಂಗೈ ಯಾರದ್ದು?’

ಬೆರಳು ಐದೂ ಸ್ಪಷ್ಟವಾಗಿ ಮೂಡಿದ್ದವು. ಸ್ವಾಭಾವಿಕವಾಗಿ, ಕಷ್ಟಪಡದೆ ಮೂಡಿದ ನನ್ನ ಏಕೈಕ ಕೃತಿ. ಅದನ್ನು ಹೇಳುವ ಸಮಯ ಅದಲ್ಲ ಎಂದು ಸುಮ್ಮನಾದೆ.

ಕೊನೆಗೆ ಉಪಾಯ ಹೇಳಿದ್ದು ಮಗಳು. ‘ಹಳೆ ಚಿತ್ರ ಎಲ್ಲ ಹರಿದು ಅಂಟಿಸಪ್ಪ.’ ಮಂಚದ ಕೆಳಗೆ ಕೆಟ್ಟ ಹೊಂಗೆಗಳ ಒಂದು ಕಟ್ಟೇ ಇತ್ತು. ಇಬ್ಬರೂ ನೆಲದ ಮೇಲೆ ಕೂತು ಹರಿದೆವು. ಕತ್ತರಿ ಬೇಡ, ಕೈಯಿಂದ ಹರಿದರೆ ಬಿಳಿ ಅಂಚು ಉಳಿಯುತ್ತದೆ, ಎಲೆಗೆ ಬಿಸಿಲು ಬಿದ್ದ ಹಾಗೆ ಕಾಣುತ್ತದೆ. ಪ್ಲಾಸ್ಟಿಕ್ ಕುರ್ಚಿಯ ಹಸಿರು, ರಸ್ತೆ ಕೆಸರಿನ ಬಣ್ಣ, ಹೂಕೋಸು, ಎಲ್ಲವೂ ಚೂರು ಚೂರಾಗಿ ಮರ ಹತ್ತಿದವು. ಎಡಗಡೆ ದಟ್ಟವಾಗಿ ಒಂದು ಗುಪ್ಪೆ ಬಂತು. ಬಲಗಡೆ ಮಾತ್ರ ಇಂಕಿನ ಕಲೆ ಎಷ್ಟು ಅಂಟಿಸಿದರೂ ಇಣುಕುತ್ತಿತ್ತು. ಬೇಜಾರಾಗಿ ಆ ಕೊಂಬೆಯ ಮೇಲೆ ಆಕಾಶದ ಒಂದು ದೊಡ್ಡ ತುಂಡನ್ನೇ ಹೊದಿಸಿಬಿಟ್ಟೆ. ಕೊಂಬೆ ಹೋಯಿತು. ಮೇಲೆ ಮೂರು ಮೊಂಡು ಕಡ್ಡಿಗಳು ಉಳಿದವು, ಅವುಗಳನ್ನು ಮುಚ್ಚಲು ಚೂರು ಸಾಲಲಿಲ್ಲ. ಹಾಳೆ ಎಷ್ಟು ಜಿಎಸ್‌ಎಂ ಆಯಿತೋ ದೇವರೇ ಬಲ್ಲ, ಎತ್ತಿದರೆ ಕೈ ಜಗ್ಗುತ್ತಿತ್ತು. ಅಂಟು ಒಣಗಲಿ ಎಂದು ಜಗುಲಿಯ ಗೋಡೆಗೆ ಒರಗಿಸಿಟ್ಟೆ.

ಎರಡು ದಿನ ಬಿಟ್ಟು ಬೆಳಿಗ್ಗೆ ಗರಗಸದ ಸದ್ದಿಗೆ ಎಚ್ಚರವಾಯಿತು. ನಾನು ಹೊರಗೆ ಬರುವ ಹೊತ್ತಿಗೆ ಏಣಿ ಇಳಿಸುತ್ತಿದ್ದರು. ತಂತಿಗೆ ತಾಗುವ ಕೊಂಬೆ ತೆಗೆಯಲು ಬಂದವರು. ಬಲಗಡೆಯ ಕೊಂಬೆ ಬುಡಕ್ಕೆ ಹೋಗಿತ್ತು. ಅದಿದ್ದ ಜಾಗದಲ್ಲಿ ಅಗಲವಾಗಿ ಆಕಾಶ ಕಾಣುತ್ತಿತ್ತು. ತಲೆಯ ಮೇಲೆ ಮೂರು ಮೊಂಡು ಕಡ್ಡಿ. ಎಡಗಡೆ ಒಂದು ಗುಪ್ಪೆ ಎಲೆ. ರಸ್ತೆ ತುಂಬಾ ಹಸಿರು ಸೊಪ್ಪು ಬಿದ್ದಿತ್ತು, ನಾನು ಎಂದೂ ಬೆರೆಸಲಾಗದ ಹಸಿರು.

ಊರುಗೋಲಿನ ಸದ್ದು ಕೇಳಿತು. ಹಿರಿಯರು ಸೊಪ್ಪು ದಾಟಿಕೊಂಡು ನಿಧಾನವಾಗಿ ಬಂದು ನನ್ನ ಪಕ್ಕ ನಿಂತರು. ಮರ ನೋಡಿದರು. ಗೇಟಿನ ಒಳಗೆ ಜಗುಲಿಯಲ್ಲಿದ್ದ ಚಿತ್ರ ನೋಡಿದರು. ಮತ್ತೆ ಮರ ನೋಡಿದರು.

‘ಬಂತಲ್ರೀ ಹೋಲಿಕೆ,’ ಅಂದರು.

ಅವತ್ತು ಅವರು ವಾಕಿಂಗ್ ಮುಂದುವರಿಸಲಿಲ್ಲ. ನಾನು ಸ್ಟೂಲು ತಂದು ಹಾಕಿದೆ. ಸ್ವಲ್ಪ ಹೊತ್ತು ಕೂತಿದ್ದು ಹೋದರು.