ಸಮುದ್ರದ ದಂಡೆಯಲ್ಲಿ ನಳ ಬಂತು

ಚಿಂತೆ ಜಾಸ್ತಿಯಾದವರನ್ನೆಲ್ಲ ಸಮುದ್ರದ ದಂಡೆಗೇ ಯಾಕೆ ಕಳಿಸುತ್ತಾರೋ ಗೊತ್ತಿಲ್ಲ. ಮನಸ್ಸು ಶಾಂತವಾಗಲಿ ಎಂದು ಮೊಬೈಲಿನಲ್ಲಿ ಸಿಗುವ ಆಡಿಯೋಗಳಲ್ಲಿ ಒಂದೋ ಅಲೆ, ಇಲ್ಲವೇ ಹಸಿರು ಬೆಟ್ಟ. ಅವನ್ನು ಮಾಡಿದವರು ಯಾರೂ ಮೇ ತಿಂಗಳಲ್ಲಿ ಕಲಬುರಗಿಗೆ ಬಂದಂತಿಲ್ಲ.

ಪರೀಕ್ಷೆ ಪೇಪರ್ ತಿದ್ದುವ ದಿನಗಳಲ್ಲಿ ರಾತ್ರಿಯಾದರೆ ಸಾಕು, ನನ್ನ ಎದೆ ಡವಡವ ಅನ್ನುತ್ತಿತ್ತು. ಡಾಕ್ಟರು ಎಲ್ಲ ತಪಾಸಣೆ ಮಾಡಿ, "ಹೃದಯ ಗಟ್ಟಿ ಅದ, ಟೆನ್ಷನ್ ಅಷ್ಟೇ" ಎಂದರು. ಆಮೇಲೆ ಒಂದು ಉಪಾಯ ಹೇಳಿಕೊಟ್ಟರು. ಕಣ್ಣು ಮುಚ್ಚಬೇಕು. ಉಸಿರು ನಿಧಾನ ಎಳೆದು, ಅದಕ್ಕಿಂತ ನಿಧಾನ ಬಿಡಬೇಕು. ಮನಸ್ಸಿಗೆ ಹಿತವಾದ ಒಂದು ಜಾಗ ನೆನೆಯಬೇಕು. ಬರೀ ನೋಡಿದರೆ ಸಾಲದು. ಅಲ್ಲಿಯ ಸಪ್ಪಳ ಕೇಳಬೇಕು, ವಾಸನೆ ಬರಬೇಕು, ಕಾಲಿಗೆ ಮರಳು ತಾಕಬೇಕು.

ಇದೇನೂ ಬೂಟಾಟಿಕೆ ಅಲ್ಲ ಮತ್ತೆ. ಹುಣಸೆಕಾಯಿ ನೆನೆಸಿದರೆ ಬಾಯಲ್ಲಿ ನೀರೂರುತ್ತದೆ ಅಲ್ವಾ? ಕಾಯಿ ಎದುರಿಗಿಲ್ಲ, ಆದರೂ ಬಾಯಿ ನಂಬಿಬಿಡುತ್ತದೆ. ನಮ್ಮ ಹೆಡ್ ಮಾಸ್ತರನ್ನು ನೆನೆಸಿದರೆ ಎದೆ ಬಡಿದುಕೊಳ್ಳುವುದೂ ಹೀಗೇ. ಅದನ್ನೇ ತಿರುವಿ ಹಾಕುವುದು ಈ ಉಪಾಯ. ಮೈ ಮನಸ್ಸು ಶಾಂತವಾದರೆ ಉಸಿರು, ಎದೆಬಡಿತ ಎರಡೂ ನಿಧಾನವಾಗುತ್ತವೆ ಎಂದು ಅಮೆರಿಕದ ಹೃದಯ ತಜ್ಞ ಹರ್ಬರ್ಟ್ ಬೆನ್ಸನ್ 1970ರ ದಶಕದಲ್ಲೇ ತೋರಿಸಿದ್ದಾರೆ. ಅವರ ಮನೆಗೆ ನಳದ ನೀರು ದಿನಾ ಬರುತ್ತಿತ್ತು ಅಂತ ಕಾಣುತ್ತದೆ.

ನಮ್ಮ ಓಣಿಗೆ ನೀರು ಯಾವಾಗ ಬರುತ್ತದೆ ಎಂದು ನೀರಿಗೇ ಗೊತ್ತಿಲ್ಲ. ಹೆಡ್‌ಫೋನ್ ಹಾಕಿಕೊಂಡು ಮಲಗಿದೆ. "ಅಲೆಗಳ ಸದ್ದು ಕೇಳುತ್ತಿದೆ..." ಎಂದಿತು ಒಂದು ಮೆತ್ತನೆಯ ದನಿ. ಹಿಂದೆಯೇ ಸೊರ್ರೆಂದು ನೀರು. ನೀರಿನ ಸಪ್ಪಳ ಕೇಳಿಯೂ ಸುಮ್ನೆ ಮಲಗುವುದು ಈ ಊರಿನ ಯಾವ ಹೆಣ್ಣುಮಗಳಿಂದ ಆದೀತು? "ಅತ್ತಿ, ನಳ ಬಂತು!" ಎಂದು ಚೀರಿ ಎದ್ದೆ. ಅತ್ತೆ ಕೊಡ, ಬಕೆಟ್, ಚರಗಿ ಸಮೇತ ಅಂಗಳಕ್ಕೆ ಓಡಿದರು. ಪಕ್ಕದ ಮನೆಯವರು ಮೋಟಾರ್ ಹಚ್ಚಿಯೇ ಬಿಟ್ಟರು. ನಳದಿಂದ ಬಂದದ್ದು ಬರೀ ಗಾಳಿ.

"ಏನಾಗ್ಯಾದವ್ವ ನಿನಗ?" ಎಂದರು ಅತ್ತೆ. ಸಮುದ್ರದ ವಿಷಯ ಹೇಳಿದೆ. ಹಣೆ ಮುಟ್ಟಿ ನೋಡಿದರು.

ಇನ್ನೊಂದು ಆಡಿಯೋ, "ಬೆಚ್ಚನೆಯ ಬಿಸಿಲು ನಿಮ್ಮ ಮುಖ ಸವರುತ್ತಿದೆ" ಎಂದಿತು. ಹೊರಗೆ 43 ಡಿಗ್ರಿ. ಕರೆಂಟ್ ಹೋಗಿ ಕೂಲರ್ ನಿಂತಿತ್ತು. ಬಿಸಿಲು ಅಂದ ಕೂಡಲೇ ಮಾಳಿಗೆ ಮೇಲೆ ಒಣಗಲು ಹಾಕಿದ್ದ ಶ್ಯಾವಿಗೆ ನೆನಪಾಯಿತು. ಶ್ಯಾವಿಗೆಯಿಂದ ಮಂಗ. ಮಂಗದಿಂದ, ಯಾಕೋ, ತಿದ್ದದೆ ಉಳಿದ ಪೇಪರ್.

ಕೊನೆಗೆ ಅತ್ತೆಯೇ ಮುಂದೆ ಬಂದರು. "ಸಮುದ್ರ ನೀ ಯಾವಾಗ ನೋಡೀದವ್ವ? ನೋಡಿದ್ದು ನೆನಸ್ಬೇಕು. ಕಣ್ಣು ಮುಚ್ಚು. ಗಾಣಗಾಪುರ ಸಂಗಮಕ್ಕ ಹೋಗಿ ಬರೋಣು." ಮಾತು ಖರೆ. ಪರಿಚಯದ ಜಾಗವಾದರೆ ಮನಸ್ಸು ಬೇಗ ಒಪ್ಪುತ್ತದೆ. ಭೀಮಾ, ಅಮರಜಾ ಕೂಡುವಲ್ಲಿ ಕಾಲು ಇಳಿಬಿಟ್ಟು ಕೂರುವುದಕ್ಕಿಂತ ಹಿತ ಯಾವುದು?

ಆದರೆ ಅತ್ತೆ ನೇರ ಸಂಗಮಕ್ಕೆ ಒಯ್ಯುವವರಲ್ಲ. ಮೊದಲು ಗ್ಯಾಸ್ ಬಂದ್ ಮಾಡಿಸಿದರು. ಬುತ್ತಿಗೆ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಸಿದರು. ಬೀಗ ಹಾಕಿ, ಎರಡು ಸಲ ಎಳೆದು ನೋಡಿದರು. ಸ್ಟೇಷನ್ನಿನಲ್ಲಿ ಅವರ ತವರೂರಿನವರೊಬ್ಬರು ಸಿಕ್ಕರು. ಅವರ ಮಗಳ ಬಾಣಂತನದ ಕಥೆಯೇ ಒಂದು ಗಂಟೆ. ಅಂತೂ ರೈಲು ಹತ್ತಿ ಗಾಣಗಾಪುರ ರೋಡ್‌ನಲ್ಲಿ ಇಳಿದೆವು. ಹೆಸರಿಗೆ ಗಾಣಗಾಪುರ, ಊರು ಅಲ್ಲಿಂದ ಇನ್ನೂ ಸುಮಾರು 20 ಕಿಲೋಮೀಟರ್. ಟಂಟಂ ಆಟೋದವನು ಸಿಕ್ಕಾಪಟ್ಟೆ ಬಾಡಿಗೆ ಕೇಳಿದ. "ಹೋದ ಸಲ ಇಷ್ಟು ಇದ್ದಿಲ್ಲಪ!" ಎಂದು ಅತ್ತೆ ಚೌಕಾಸಿಗೆ ನಿಂತರು. ಅಷ್ಟರಲ್ಲಿ ನನಗೆ ಗಾಢ ನಿದ್ದೆ.

ಈಗ ದಿನಾ ಟಂಟಂ ಹತ್ತಿರ ಬರುತ್ತಲೇ ನಾನು ಗೊರಕೆ ಹೊಡೆಯುತ್ತೇನಂತೆ. ಅತ್ತೆಗೆ ಮಾತ್ರ ರಾತ್ರಿ ನಿದ್ದೆ ಹತ್ತುತ್ತಿಲ್ಲ. ಅವನು ರೇಟು ಇಳಿಸುತ್ತಿಲ್ಲ ಎಂಬ ಸಿಟ್ಟಿಗೆ.