ಚಿಟ್ಟೆ ಹಿಂದೆ ಹೋದ ಮರ್ಯಾದೆ

ಚಿಟ್ಟೆ ನೋಡುವ ಚಟ ಹತ್ತಿದವರಿಗೆ ಮರ್ಯಾದೆ ಉಳಿಯುವುದು ಕಷ್ಟ. ಹಕ್ಕಿ ನೋಡುವವರ ಕಥೆ ಬೇರೆ. ಅವರ ಕೊರಳಲ್ಲಿ ಬೈನಾಕ್ಯುಲರ್ ಇರುತ್ತದೆ, ತಲೆ ಮೇಲೆ ಟೋಪಿ ಇರುತ್ತದೆ, ಕಣ್ಣು ಮರದ ತುದಿಯಲ್ಲಿರುತ್ತದೆ. ನೋಡಿದವರು ಯಾರೋ ದೊಡ್ಡ ವಿಜ್ಞಾನಿ ಇರಬೇಕು ಅಂದುಕೊಂಡು ಪಕ್ಕಕ್ಕೆ ಸರಿದು ದಾರಿ ಬಿಡುತ್ತಾರೆ. ನಮ್ಮ ಕಣ್ಣು ನೆಲದ ಮೇಲೆ. ಅದೂ ಎಂಥ ನೆಲ! ಬಚ್ಚಲ ನೀರು ಹರಿಯುವ ಜಾಗ, ಗೊಬ್ಬರಗುಂಡಿ, ಖಾಲಿ ಸೈಟಿನ ಕಳೆಗಿಡ. ಮೊಬೈಲ್ ಹಿಡಿದು ಖಾಲಿ ಸೈಟಿನಲ್ಲಿ ಕುಕ್ಕರುಗಾಲಲ್ಲಿ ಕೂತವನನ್ನು ಕಂಡರೆ ಜನ ಏನು ಅಂದುಕೊಳ್ಳುತ್ತಾರೆ ಅಂತ ಬಿಡಿಸಿ ಹೇಳಬೇಕಾಗಿಲ್ಲ ಅಲ್ವಾ?

ಮಳೆ ಹಿಂದೆ ಸರಿದು ದಸರಾ ಬರುವ ಹೊತ್ತಿಗೆ ನಮ್ಮ ಕಡೆ ಚಿಟ್ಟೆಗಳ ಸುಗ್ಗಿ. ಜೂನ್‌ನಿಂದ ನೆನೆದ ಗಿಡಗಳೆಲ್ಲ ಚಿಗುರಿರುತ್ತವೆ, ಆ ಚಿಗುರನ್ನೆಲ್ಲ ಹುಳುಗಳು ಮುಕ್ಕಿರುತ್ತವೆ, ಮುಕ್ಕಿದ್ದಕ್ಕೆ ರೆಕ್ಕೆ ಬಂದಿರುತ್ತದೆ. ರಸ್ತೆ ಬದಿಯಲ್ಲಿ ತುಂಬೆ ಹೂವು, ಮೇಲೆ ಎಳೆ ಬಿಸಿಲು. 2020ರಿಂದ ದೇಶದಲ್ಲಿ ಸೆಪ್ಟೆಂಬರನ್ನು ಬಿಗ್ ಬಟರ್‌ಫ್ಲೈ ಮಂತ್ ಅಂತಲೂ ಆಚರಿಸುತ್ತಿದ್ದಾರೆ. ಕಂಡ ಚಿಟ್ಟೆಗಳ ಫೋಟೋ ತೆಗೆದು ಲೆಕ್ಕಕ್ಕೆ ಸೇರಿಸಬೇಕು. ಇದರಿಂದ ನನಗಾದ ಲಾಭ ಇಷ್ಟೇ, ಮೊದಲು ಸುಮ್ನೆ ಅಲೆಯುತ್ತಿದ್ದೆ, ಈಗ ಕೆಲಸ ಇದೆ ಅಂತ ಹೇಳಿ ಅಲೆಯುತ್ತೇನೆ.

ಚಿಟ್ಟೆ ಅಂದರೆ ಹೂವಿನ ಮೇಲೆ ಕೂರುವ ಜೀವಿ ಅಂತ ಶಾಲೆಯ ಪುಸ್ತಕದಿಂದ ಲಗ್ನಪತ್ರಿಕೆಯವರೆಗೆ ಎಲ್ಲರೂ ನಂಬಿಸಿದ್ದಾರೆ. ತೀರ್ಥಹಳ್ಳಿ ಕಡೆಯ ನಮ್ಮ ಊರಿನ ಮನೆಯಲ್ಲಿ ಅಂಗಳದ ತುಂಬ ದಾಸವಾಳ, ಚೆಂಡುಹೂವು, ಕೇಪಳ ಇವೆ. ಅಲ್ಲಿ ನಾಕು ಚಿಟ್ಟೆ ಕಂಡರೆ ಕೊಟ್ಟಿಗೆ ಹಿಂದೆ ಗಂಜಳ ಹರಿಯುವ ಕೆಸರಿನಲ್ಲಿ ಒಂದು ಸಂತೆಯೇ ಇರುತ್ತದೆ. ಹೂವಿನ ರಸದಲ್ಲಿ ಸಿಹಿ ಇರುತ್ತದೆ, ಉಪ್ಪು ಇರುವುದಿಲ್ಲ. ಉಪ್ಪು ಬೇಕಾದರೆ ಕೆಸರಿಗೇ ಬರಬೇಕು, ಸಗಣಿಗೇ ಬರಬೇಕು, ಕೆಲವು ಬೆವೆತ ಮನುಷ್ಯನ ಮೇಲೂ ಬಂದು ಕೂರುತ್ತವೆ.

ಆವತ್ತು ಅಲ್ಲಿ ಬ್ಲೂಬಾಟಲ್‌ಗಳು ಸಾಲಾಗಿ ಕೂತಿದ್ದವು. ಕಪ್ಪು ರೆಕ್ಕೆ, ನಡುವೆ ಮೇಲಿಂದ ಕೆಳಗೆ ಒಂದು ಹಸಿರು ಕಲೆಸಿದ ನೀಲಿ ಪಟ್ಟೆ, ಬಿಸಿಲು ಬಿದ್ದರೆ ಒಳಗೆ ಬಲ್ಬು ಇಟ್ಟ ಹಾಗೆ ಹೊಳೆಯುತ್ತದೆ. ಇದನ್ನು ನೋಡಬೇಕಾದರೆ ನಿಂತು ನೋಡಿ ಪ್ರಯೋಜನವಿಲ್ಲ, ಮಲಗಬೇಕು. ಮಲಗಿದೆ. ಸೊಂಡಿಲನ್ನು ಕೆಸರಿಗೆ ಊರಿ ಹೀರುತ್ತಾ ಇರುತ್ತದೆ, ಆ ಹೊತ್ತಿಗೇ ಹಿಂದಿನಿಂದ ತೊಟ್ಟು ತೊಟ್ಟಾಗಿ ನೀರು ಚಿಮ್ಮುತ್ತಾ ಇರುತ್ತದೆ. ಉಪ್ಪನ್ನು ಒಳಗೆ ಇಟ್ಟುಕೊಂಡು ಬೇಡದ ನೀರನ್ನು ಹೊರಗೆ ಹಾಕುವ ಏರ್ಪಾಡು. ನಾನು ಅದನ್ನು ವಿಡಿಯೋ ಮಾಡಬೇಕು ಅಂತ ಮೊಣಕೈ ಊರಿ ಉಸಿರು ಬಿಗಿಹಿಡಿದಿದ್ದೆ. ಅಷ್ಟರಲ್ಲಿ ಹಿಂದೆ ಯಾರೋ ಕೆಮ್ಮಿದರು.

ಚಿಕ್ಕಪ್ಪನ ಮಗಳನ್ನು ನೋಡಲು ಗಂಡಿನ ಕಡೆಯವರು ಆ ದಿನವೇ ಬರುವವರಿದ್ದರು. ಸಂಜೆ ಬರುತ್ತೇವೆ ಅಂದವರು ಬೆಳಿಗ್ಗೆಯೇ ಬಂದು, ಕಾರು ನಿಲ್ಲಿಸುವುದಕ್ಕೆ ಕೊಟ್ಟಿಗೆ ಕಡೆ ಜಾಗ ಇದೆಯಾ ಅಂತ ನೋಡಲು ಹುಡುಗನ ಅಪ್ಪ ಹಿಂದೆ ಬಂದಿದ್ದಾರೆ. ಅವರಿಗೆ ಕಂಡಿದ್ದು ಗಂಜಳದ ಪಕ್ಕ ಬೋರಲು ಮಲಗಿ, ಹಸುವಿನ ಹಿಂಗಾಲ ಕಡೆ ಮೊಬೈಲ್ ಹಿಡಿದ ಹುಡುಗಿಯ ಅಣ್ಣ. "ಇಲ್ಲಿ ಚಿಟ್ಟೆ ಇದೆ, ಬನ್ನಿ" ಅಂತ ಕರೆದೆ. ಅವರು ಬರಲಿಲ್ಲ. ಚಿಟ್ಟೆಗಳೂ ಕೆಮ್ಮಿಗೆ ಹೆದರಿ ಎದ್ದು ಹೋಗಿದ್ದವು, ಹಾಗಾಗಿ ನನ್ನ ಹತ್ತಿರ ಸಾಕ್ಷಿ ಇರಲಿಲ್ಲ. ಒಳಗೆ ಉಪ್ಪಿಟ್ಟು ಕೊಡುವಾಗ ಅವರು ಚಿಕ್ಕಪ್ಪನನ್ನು ಮೆಲ್ಲಗೆ ಕೇಳಿದರಂತೆ, "ನಿಮ್ಮ ಅಣ್ಣನ ಮಗ ಬೆಂಗಳೂರಲ್ಲಿ ಕೆಲಸದಲ್ಲಿ ಇದ್ದಾರಾ, ಅಥವಾ ಈಗ ಮನೆಯಲ್ಲೇ ಇಟ್ಟುಕೊಂಡಿದ್ದೀರಾ?"

ಹಾಗೆ ಕೆಸರಿಗೆ ಬರುವುದು ಹೆಚ್ಚಾಗಿ ಗಂಡು ಚಿಟ್ಟೆಗಳೇ. ಒಟ್ಟುಮಾಡಿದ ಉಪ್ಪನ್ನು ಕೂಡುವಾಗ ಹೆಣ್ಣಿಗೆ ಕೊಡುತ್ತವೆ, ಮೊಟ್ಟೆಗೆ ಅದು ಬೇಕಾಗುತ್ತದೆ. ಗಂಡಿನ ಕಡೆಯವರೇ ಉಡುಗೊರೆ ಹೊತ್ತು ತರುವ ಪದ್ಧತಿ ಅವುಗಳಲ್ಲಿ ಇದೆ ಅಂತ ಊಟಕ್ಕೆ ಕೂತಾಗ ವಿವರಿಸಲು ಹೊರಟೆ. ಅಮ್ಮ ಕಣ್ಣಲ್ಲೇ ಗದರಿದರು. ಅದೇ ಹೊತ್ತಿಗೆ ಹುಡುಗನ ತಾಯಿ "ಅಯ್ಯೋ ರಕ್ತ!" ಅಂದರು. ಕಾಲ ಸಂದಿಯಲ್ಲಿ ಇಂಬಳವೊಂದು ಹೊಟ್ಟೆ ತುಂಬ ಕುಡಿದು ಗುಂಡಗಾಗಿ ಕೂತಿತ್ತು. ಅಜ್ಜಿ ಎಲೆಅಡಿಕೆ ತಟ್ಟೆಯಿಂದ ಸುಣ್ಣ ತೆಗೆದು ಅದಕ್ಕೆ ಮುಟ್ಟಿಸಿದರು, ಅದು ಉದುರಿತು. ಹೆಣ್ಣು ನೋಡುವ ಶಾಸ್ತ್ರದಲ್ಲಿ ಹುಡುಗಿಗಿಂತ ಜಾಸ್ತಿ ಹೊತ್ತು ನನ್ನನ್ನೇ ನೋಡಿದ್ದಾರೆ ಅಂತ ಚಿಕ್ಕಮ್ಮನಿಗೆ ಈಗಲೂ ಸಿಟ್ಟಿದೆ. ಸಂಬಂಧ ಕೂಡಿಬಂತು ಅನ್ನುವುದು ಬೇರೆ ಮಾತು.

ನಮ್ಮ ರಾಜ್ಯಕ್ಕೆ ಒಂದು ಚಿಟ್ಟೆ ಇದೆ, ಸದರ್ನ್ ಬರ್ಡ್‌ವಿಂಗ್. ರೆಕ್ಕೆ ಬಿಚ್ಚಿದರೆ 19 ಸೆಂಟಿಮೀಟರ್‌ವರೆಗೂ ಇರುವ ದೊಡ್ಡಾಳು. ಕಪ್ಪು ಮುಂದಿನ ರೆಕ್ಕೆ, ಅರಿಶಿನ ಬಳಿದ ಹಿಂದಿನ ರೆಕ್ಕೆ. ಅದರ ಮರಿಹುಳು ತಿನ್ನುವುದು ಈಶ್ವರ ಬಳ್ಳಿಯಂಥ ಕೆಲವೇ ಬಳ್ಳಿಗಳನ್ನು. ನಮ್ಮ ತೋಟದ ಅಂಚಿನಲ್ಲಿ ಆ ಬಳ್ಳಿ ಒಂದಿತ್ತು. ಕಳೆ ಹೊಡೆಯುವ ಮಿಷನ್ ಬಂದಮೇಲೆ ಅದಕ್ಕೆ ಬಳ್ಳಿ ಯಾವುದು, ಹುಲ್ಲು ಯಾವುದು ಅಂತ ಭೇದವಿಲ್ಲ. ಕಳೆ ಹೊಡೆಯುವವನಿಗೆ "ಇದೊಂದು ಬಿಡು ಮಾರಾಯ" ಅಂತ ಗುರುತಿಗೆ ಕೆಂಪು ಬಟ್ಟೆ ಕಟ್ಟಿಟ್ಟೆ. ಅವನು ಅದನ್ನು ಯಾರೋ ಮಾಟ ಮಾಡಿಸಿದ್ದು ಅಂದುಕೊಂಡು ಆ ಮೂಲೆಗೇ ಕಾಲಿಡಲಿಲ್ಲ. ಬಳ್ಳಿ ಉಳಿಯಿತು. ಜೊತೆಗೆ ಎದೆಮಟ್ಟದ ಕಳೆಯೂ ಉಳಿದು, ಕೊನೆ ಕೊಯ್ಲಿನ ಹೊತ್ತಿಗೆ ಅಪ್ಪ ಒಬ್ಬರೇ ಅಡಿಕೆ ಹೆಕ್ಕುತ್ತಾ ನನ್ನ ಹೆಸರು ಹಿಡಿದು ಬಯ್ಯುತ್ತಿದ್ದರು.

ಬರ್ಡ್‌ವಿಂಗ್ ಬರುತ್ತದೆ. ಆದರೆ ಅಡಿಕೆ ಸುಳಿಯ ಎತ್ತರದಲ್ಲಿ, ಯಾವುದೋ ಆಫೀಸಿಗೆ ಹೊತ್ತಾದ ಹಾಗೆ ದಾಟಿ ಹೋಗುತ್ತದೆ. ನನ್ನ ಮೊಬೈಲಿನಲ್ಲಿ ಅದರ ಫೋಟೋ ಅಂತ ಇರುವುದೆಲ್ಲ ಆಕಾಶದ್ದು. ಒಂದು ಬೆಳಿಗ್ಗೆ ತಿಂಡಿ ತಿಂದು ಕೈ ತೊಳೆಯದೆ ತೋಟಕ್ಕೆ ಓಡಿ, ಮಧ್ಯಾಹ್ನದವರೆಗೆ ಕುತ್ತಿಗೆ ಎತ್ತಿ ನಿಂತು ಮನೆಗೆ ಬಂದರೆ ಅಮ್ಮ ಹೇಳುತ್ತಾರೆ, "ಅಲ್ಲ ಮಾರಾಯ, ನೀನು ಹೇಳುವ ಆ ದೊಡ್ಡ ಹಳದಿ ಚಿಟ್ಟೆ ಕೇಪಳದ ಮೇಲೆ ಕೂತಿತ್ತು. ಎಷ್ಟೊತ್ತು ಕೂತಿತ್ತು ಅಂತೀಯ! ನಾನು ಅಕ್ಕಿ ಆರಿಸಿ ಮುಗಿಸುವವರೆಗೂ ಇತ್ತು." ಫೋಟೋ ತೆಗೀಬಾರದಾ ಅಂದರೆ, "ನಿನ್ನ ಮೊಬೈಲ್ ನಿನ್ನ ಹತ್ತಿರ, ನನ್ನದರಲ್ಲಿ ಚಾರ್ಜ್ ಇಲ್ಲ."

ಅಮ್ಮನಿಗೂ ಚಿಟ್ಟೆಗಳಿಗೂ ಒಳಒಪ್ಪಂದ ಏನಾದರೂ ಇದೆಯಾ ಅಂತ ನನಗೆ ಅನುಮಾನ. ಸಂಜೆ ದೀಪ ಹಚ್ಚುವ ಹೊತ್ತಿಗೆ ಮನೆಯೊಳಗೆ ಬರುವ ಈವ್ನಿಂಗ್ ಬ್ರೌನ್ ಅನ್ನುವುದೊಂದಿದೆ. ಮಳೆಗಾಲದಲ್ಲಿ ಅದರ ರೆಕ್ಕೆ ಅಡಿಯಲ್ಲಿ ಕಣ್ಣಿನಂಥ ಚುಕ್ಕೆಗಳ ಸಾಲು ಇರುತ್ತದೆ. ಮಳೆ ನಿಂತು ಒಣಗಾಳಿ ಶುರುವಾದ ಮೇಲೆ ಹುಟ್ಟುವವಕ್ಕೆ ಆ ಚುಕ್ಕೆ ಹೆಚ್ಚುಕಮ್ಮಿ ಮಾಯ, ಪೂರ್ತಿ ತರಗೆಲೆಯ ವೇಷ. ನಾನು ಜಗುಲಿಯಲ್ಲಿ ಅದನ್ನು ಕಂಡು, ಟಾರ್ಚ್ ತರಲು ಒಳಗೆ ಹೋಗಿ ಬರುವಷ್ಟರಲ್ಲಿ ಅಮ್ಮ ಪೊರಕೆ ಹಿಡಿದು ಆ ತರಗೆಲೆಯನ್ನು ಗುಡಿಸಿದರು. ಎಲೆ ಎದ್ದು ಹಾರಿ ಅವರ ಮುಖಕ್ಕೇ ಬಂತು. ಪೊರಕೆ ನನ್ನ ಮುಖಕ್ಕೆ ಬಂತು.

ಬೆಂಗಳೂರಿಗೆ ವಾಪಸ್ ಬರುವ ರಾತ್ರಿ ಬಸ್ಸಿನಲ್ಲಿ ಗೆಳೆಯನಿಗೆ ಫೋನ್ ಮಾಡಿ ವರದಿ ಒಪ್ಪಿಸುತ್ತಿದ್ದೆ. ಬ್ರಿಟಿಷರ ಕಾಲದಲ್ಲಿ ಬ್ರಿಗೇಡಿಯರ್ ಇವಾನ್ಸ್‌ರಂಥ ಸೈನ್ಯದವರಿಗೂ ಈ ಹುಚ್ಚು ಜೋರಾಗಿತ್ತು, ಹಾಗಾಗಿಯೋ ಏನೋ ನಮ್ಮ ಚಿಟ್ಟೆಗಳ ಹೆಸರಿನಲ್ಲಿ ಅರ್ಧ ರೆಜಿಮೆಂಟ್ ಇದೆ. "ಕಮಾಂಡರ್ ತೋಟದಲ್ಲೇ ಇದ್ದ ಕಣೋ. ಸಾರ್ಜೆಂಟ್‌ನ ಹೊಳೆ ಹತ್ತಿರ ನೋಡಿದೆ. ನವಾಬ ಮಾತ್ರ ಮೇಲಿಂದ ಇಳೀಲಿಲ್ಲ, ಸಗಣಿ ಇಟ್ಟಿದ್ದರೆ ಬರುತ್ತಿದ್ದನೇನೋ. ಮುಂದಿನ ಸಲ ಕೊಳೆತ ಬಾಳೆಹಣ್ಣು ಇಟ್ಟು ಕಾಯೋಣ, ಬಂದೇ ಬರ್ತಾನೆ." ಪಕ್ಕದ ಸೀಟಿನವರು ಶಿವಮೊಗ್ಗ ದಾಟುವವರೆಗೆ ಕಣ್ಣು ಮುಚ್ಚಲಿಲ್ಲ. ಆಮೇಲೆ ಕಂಡಕ್ಟರನ್ನು ಕೇಳಿ ಹಿಂದಿನ ಸೀಟಿಗೆ ಹೋದರು.

ಅದೇ ದಿನಗಳಲ್ಲಿ ಬ್ಲೂ ಟೈಗರ್, ಕಾಮನ್ ಕ್ರೋ ಅನ್ನುವ ಚಿಟ್ಟೆಗಳು ನಮ್ಮ ವಿರುದ್ಧ ದಿಕ್ಕಿಗೆ ಹೊರಟಿರುತ್ತವೆ. ಮುಂಗಾರಿಗೆ ಮೊದಲು ಘಟ್ಟದಿಂದ ಪೂರ್ವದ ಬಯಲಿಗೆ ಬಂದವುಗಳ ಸಂತಾನ ಮಳೆ ಮುಗಿದಮೇಲೆ ಪಶ್ಚಿಮಘಟ್ಟಕ್ಕೆ ಮರಳುತ್ತದೆ. ದಸರಾ, ದೀಪಾವಳಿಗೆ ಮಲೆನಾಡಿನ ಬಸ್ಸಲ್ಲಿ ಟಿಕೆಟ್ ಸಿಗದೆ ನಾವು ಒದ್ದಾಡುತ್ತಿರುವಾಗ ಇವು ಮುಂಗಡ ಬುಕಿಂಗ್ ಇಲ್ಲದೆ ಹೋಗುತ್ತಿರುತ್ತವೆ. ಸಿಗ್ನಲ್‌ನಲ್ಲಿ ಸ್ಕೂಟರ್ ನಿಲ್ಲಿಸಿ ಇವು ದಾಟುವುದನ್ನು ತಲೆಯೆತ್ತಿ ನೋಡುತ್ತಿದ್ದರೆ ಹಿಂದಿನ ಆಟೋದವನು, "ಸಾರ್, ಹಸಿರು ಲೈಟು ಅಲ್ಲಿಲ್ಲ, ಇಲ್ಲಿದೆ" ಅಂದ.

ಇನ್ನು ಮನೆ ವಿಷಯ. ನಾವು ಬಾಡಿಗೆಗಿರುವುದು ಮೊದಲ ಮಹಡಿಯಲ್ಲಿ. ಬಾಲ್ಕನಿಯಲ್ಲಿ ಒಂದು ಕರಿಬೇವು, ಒಂದು ನಿಂಬೆ ಗಿಡ ಕುಂಡದಲ್ಲಿವೆ. ನಿಂಬೆ ಗಿಡ ಈವರೆಗೆ ಕಾಯಿ ಬಿಟ್ಟಿಲ್ಲ. ಆದರೆ ಲೈಮ್ ಬಟರ್‌ಫ್ಲೈಗೆ ಕಾಯಿಯ ಹಂಗಿಲ್ಲ, ಎಲೆ ಸಾಕು. ತಾಯಿ ಚಿಟ್ಟೆ ಬಂದು ಎಳೆ ಎಲೆಯನ್ನು ಮುಂಗಾಲಲ್ಲಿ ತಟತಟ ಬಡಿದು ರುಚಿ ನೋಡುತ್ತದೆ (ಅವಕ್ಕೆ ನಾಲಗೆಯ ಕೆಲಸ ಕಾಲೇ ಮಾಡುತ್ತದೆ), ಒಪ್ಪಿಗೆಯಾದರೆ ಸಾಸಿವೆಗಿಂತ ಚಿಕ್ಕ ತಿಳಿ ಹಳದಿ ಮೊಟ್ಟೆ ಅಂಟಿಸಿ ಹೋಗುತ್ತದೆ. ಹುಟ್ಟಿದ ಹುಳು ನೋಡಲು ಥೇಟ್ ಹಕ್ಕಿ ಹಿಕ್ಕೆ. ಹಕ್ಕಿ ತನ್ನ ಹಿಕ್ಕೆಯನ್ನು ತಾನೇ ತಿನ್ನುವುದಿಲ್ಲವಲ್ಲ, ಆ ಧೈರ್ಯ. ಉಪಾಯ ಹಕ್ಕಿಗಳ ಹತ್ತಿರ ನಡೆಯುತ್ತದೆ. ನಮ್ಮ ಮನೆಕೆಲಸದವರ ಹತ್ತಿರ ನಡೆಯಲಿಲ್ಲ. "ಅಕ್ಕಾ, ಗಿಡದ ಮೇಲೆಲ್ಲ ಕಾಗೆ ಗಲೀಜು ಮಾಡಿತ್ತು, ಒರೆಸಿಬಿಟ್ಟೆ" ಅಂತ ನನ್ನ ಹೆಂಡತಿಗೆ ಹೇಳಿದರು. ಹೆಂಡತಿ ಅವರಿಗೆ ಕಾಫಿ ಕೊಟ್ಟಳು.

ಕೊಡದೆ ಏನು ಮಾಡುತ್ತಾಳೆ? ಉಳಿದ ಹುಳುಗಳು ಹಸಿರಾಗಿ ದಪ್ಪಗಾಗಿ ಕರಿಬೇವನ್ನೂ ಬೋಳಿಸಿದವು. ಬಾಲ್ಕನಿಯಲ್ಲಿ ಗಿಡ ಇಟ್ಟುಕೊಂಡು ಒಗ್ಗರಣೆಗೆ ಹತ್ತು ರೂಪಾಯಿ ಕೊಟ್ಟು ಕರಿಬೇವು ತರುವ ಮನೆ ನಮ್ಮದೊಂದೇ ಅಂತ ಅವಳ ವಾದ. ಅದರಲ್ಲಿ ತಪ್ಪೇನೂ ಇಲ್ಲ. ಭಾವಮೈದುನನ ಮಗ ಬಂದಾಗ ಒಂದು ಹುಳುವನ್ನು ಕಡ್ಡಿಯಲ್ಲಿ ಚುಚ್ಚಿದ. ಅದು ತಲೆ ಹಿಂದಿನಿಂದ ಕಿತ್ತಳೆ ಬಣ್ಣದ ಎರಡು ಕೊಂಬು ಹೊರಹಾಕಿ ಕಟು ವಾಸನೆ ಬಿಟ್ಟಿತು. ಇರುವೆ, ಜೇಡಗಳನ್ನು ಓಡಿಸಲು ಮಾಡಿಕೊಂಡ ಅಸ್ತ್ರ. ಓಡಿಹೋದದ್ದು ಭಾವಮೈದುನನ ಕುಟುಂಬ.

ಬಲಿತ ಹುಳು ಗಿಡ ಬಿಟ್ಟು ಅಲೆದು, ತನಗೆ ಇಷ್ಟವಾದ ಜಾಗದಲ್ಲಿ ಕೋಶ ಕಟ್ಟಿಕೊಳ್ಳುತ್ತದೆ. ಒಂದಕ್ಕೆ ಇಷ್ಟವಾದದ್ದು ದೀಪಾವಳಿಗೆ ಬಾಲ್ಕನಿಯ ಕಂಬಿಗೆ ಕಟ್ಟಿದ್ದ ಆಕಾಶಬುಟ್ಟಿ. ಒಳಗಿನ ಬಲ್ಬಿನ ಬಿಸಿ ತಾಗೀತು ಅಂತ ನಾನು ದೀಪ ಆರಿಸಿದೆ. ದೀಪವಿಲ್ಲದ ಆಕಾಶಬುಟ್ಟಿ ಯಾಕೆ ಅಂತ ಎದುರು ಮನೆಯವರು ಕೇಳಿದಾಗ ಹೆಂಡತಿ ಹರಕೆ ಅಂದಳಂತೆ. ಹವೆ ತಣ್ಣಗಿದ್ದರೆ ಚಿಟ್ಟೆ ಹೊರಬರುವುದು ತಡ. ದೀಪಾವಳಿ ಹೋಯಿತು, ತುಳಸಿ ಹಬ್ಬ ಹೋಯಿತು, ಕಾರ್ತಿಕ ಮುಗಿಯುತ್ತಾ ಬಂತು. ರಸ್ತೆಯಲ್ಲಿ ಇನ್ನೂ ಇಬ್ಬರು ಆ ಹರಕೆಗೆ ಫಲ ಏನು ಅಂತ ವಿಚಾರಿಸಿ ಹೋದರು.

ಕೊನೆಗೊಂದು ಬೆಳಿಗ್ಗೆ ಕೋಶ ಬಿರಿಯಿತು. ಮುದ್ದೆಯಾದ ಒದ್ದೆ ರೆಕ್ಕೆ ಇಳಿಬಿಟ್ಟು ಚಿಟ್ಟೆ ಬುಟ್ಟಿಯ ಬಾಲಂಗೋಚಿಯಲ್ಲಿ ನೇತಾಡಿತು, ರೆಕ್ಕೆ ಬಿಗಿಯಾಯಿತು, ಒಳಗೆ ಶೇಖರವಾಗಿದ್ದ ಕಂದು ಬಣ್ಣದ ದ್ರವವನ್ನು ತೊಟ್ಟಿಕ್ಕಿಸಿ ಹಾರಿತು. ಎಲ್ಲ ಚಿಟ್ಟೆಗಳೂ ಹೊರಬಂದಾಗ ಹಾಗೆ ಮಾಡುತ್ತವೆ. ಎಲ್ಲ ಚಿಟ್ಟೆಗಳ ಕೆಳಗೂ ಓನರ್ ಅಂಕಲ್ ಅವರ ಒಗೆದು ಹರವಿದ ಬಿಳಿ ಪಂಚೆ ಇರುವುದಿಲ್ಲ.

"ಎಲೆಅಡಿಕೆ ಉಗಿದವರು ಯಾರು?" ಅಂತ ಅಂಕಲ್ ಪಂಚೆ ಹಿಡಿದು ಮೇಲೆ ಬಂದರು. ನಾವು ಎಲೆಅಡಿಕೆ ಹಾಕುವುದಿಲ್ಲ ಅಂದೆ. "ಸುಮ್ನಿರಿ, ನಿಮ್ಮದು ಅಡಿಕೆ ತೋಟದ ಕಡೆ ಅಲ್ವಾ?" ಅಂದರು. ಚಿಟ್ಟೆ ಕೋಶದಿಂದ ಬರುವಾಗ ಹೀಗಾಗುತ್ತದೆ ಅಂತ ಖಾಲಿ ಕೋಶ ತೋರಿಸಿದೆ. ಅವರು ಕನ್ನಡಕ ಏರಿಸಿ ಅದನ್ನು ನೋಡಿದರು, ನನ್ನನ್ನು ನೋಡಿದರು, ಒಳಗೆ ಬಾಗಿಲ ಹಿಂದೆ ನಗು ತಡೆದು ನಿಂತಿದ್ದ ಹೆಂಡತಿಯನ್ನು ನೋಡಿದರು. ಆ ತಿಂಗಳ ಬಾಡಿಗೆ ಜೊತೆ ಒಂದು ಹೊಸ ಪಂಚೆಯನ್ನೂ ಕೊಟ್ಟೆವು. ಜರಿ ಅಂಚಿನದೇ ಆಗಬೇಕು ಅಂದರು.